ಚರ್ಚ್ ವಿಸ್ತರಣೆಗೆ ಆಕ್ಷೇಪಣೆ: ಯಾವ ಕಾರಣಗಳು ನಿಲ್ಲುತ್ತವೆ

ಇಂಗ್ಲೆಂಡಿನಲ್ಲಿ ನಿಮ್ಮ ಮನೆಯ ಹಿಂದಿನ ಚರ್ಚ್ ವಿಸ್ತರಣೆಯಾದರೆ ಮನೆಯ ಬೆಲೆ ಇಳಿಯುತ್ತದೆ ಎಂಬ ನಿಮ್ಮ ಆಕ್ಷೇಪಣೆಯನ್ನು ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಬದಿಗಿಟ್ಟಿದ್ದಕ್ಕೆ ಬಹುಶಃ ಆ ವಾದವೇ ಕಾರಣ. ಅಲ್ಲಿ ಕಟ್ಟಡ ಕಟ್ಟಲು ಅಥವಾ ವಿಸ್ತರಿಸಲು ಕೊಡುವ ಯೋಜನಾ ಅನುಮತಿಯಲ್ಲಿ ಆಸ್ತಿಯ ಬೆಲೆ ಪರಿಗಣನೆಗೆ ಬರುವುದಿಲ್ಲ. ಮೊದಲು ಕೌನ್ಸಿಲ್ ಜಾಲತಾಣದಲ್ಲಿ ಅರ್ಜಿಯ ನಕ್ಷೆಗಳನ್ನು ತೆರೆದು, ಹೊಸ ಕಿಟಕಿಗಳು ನಿಮ್ಮ ಹಿತ್ತಲಿನತ್ತ ಮುಖ ಮಾಡಿವೆಯೇ, ಗೋಡೆಯ ಎತ್ತರ ನಿಮಗೆ ಬರುವ ಬೆಳಕನ್ನು ತಡೆಯುತ್ತದೆಯೇ, ಹೆಚ್ಚುವರಿ ಜನರಿಗೆ ಎಷ್ಟು ಪಾರ್ಕಿಂಗ್ ತೋರಿಸಿದ್ದಾರೆ ಎಂಬುದನ್ನು ನೋಡಿ ಮತ್ತೆ ಬರೆಯಿರಿ. ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ನಿಂತ ಕಾರುಗಳ ದಿನಾಂಕಸಹಿತ ಫೋಟೋಗಳನ್ನು ಲಗತ್ತಿಸಿ. ಧರ್ಮದ ಮಾತು ಮಾತ್ರ ಬೇಡ, ಅದರಿಂದ ನಿಮ್ಮ ವಾದವೇ ಸಡಿಲವಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ 21 ದಿನಗಳ ಅವಕಾಶವಿರುತ್ತದೆ. ಅವಧಿ ಮುಗಿದ ಮೇಲೆ, ಆದರೆ ತೀರ್ಮಾನಕ್ಕೆ ಮುನ್ನ ತಲುಪಿದ ಪತ್ರವನ್ನೂ ಪರಿಗಣಿಸುವುದುಂಟು, ಖಾತರಿಯಿಲ್ಲ. ಅನುಮತಿ ಸಿಕ್ಕ ಮೇಲೆ ನೆರೆಯವರಿಗೆ ಮೇಲ್ಮನವಿಯ ಹಕ್ಕಿಲ್ಲದ ಕಾರಣ, ಅರ್ಜಿಯನ್ನು ಕೌನ್ಸಿಲರ್‌ಗಳ ಯೋಜನಾ ಸಮಿತಿಯ ಮುಂದೆ ತರಿಸುವಂತೆ ವಾರ್ಡಿನ ಕೌನ್ಸಿಲರ್‌ಗೆ ಈಗಲೇ ಬರೆಯಿರಿ, ಬಳಕೆಯ ವೇಳೆ ಮತ್ತು ಧ್ವನಿವರ್ಧಕದ ಮೇಲೆ ಷರತ್ತುಗಳನ್ನೂ ಕೇಳಿ.