ಗುರ್ ಅಂದದ್ದನ್ನು ಮುಚ್ಚಿಡಬೇಡಿ

ಪ್ರಶ್ನೆ: ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ. ಆಟಿ ತಿಂಗಳ ಮಳೆಯಲ್ಲಿ ಹೆದ್ದಾರಿ ಬದಿ ಸಿಕ್ಕಿದ ಎರಡು ನಾಯಿಗಳನ್ನು ಗೆಳತಿಯೊಬ್ಬಳು ನಮ್ಮಲ್ಲಿ ಬಿಟ್ಟಿದ್ದಾಳೆ, ಒಳ್ಳೆಯ ಮನೆ ಸಿಗುವ ತನಕ ಅಂತ. ಕರಿಯ ಧೈರ್ಯದವನು, ಎಲ್ಲರ ಮೇಲೂ ಹಾರಿ ಮುದ್ದು ಮಾಡುತ್ತಾನೆ. ಆದರೆ ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತಾನೆ. ನಮ್ಮ 11 ವರ್ಷದ ಹಳೆಯ ನಾಯಿ ರಾಜುವಿಗೆ ಎರಡು ಸಲ ಹಲ್ಲು ತಾಗಿಸಿದ್ದಾನೆ. ಕೆಂಪಿ ಪಾಪದವಳು. ಮಂಚದಡಿಯಿಂದ ಹೊರಗೆ ಬರುವುದೇ ಕಡಿಮೆ, ಬಂದರೆ ರಾಜುವಿಗೆ ಅಂಟಿಕೊಂಡು ಮಲಗುತ್ತಾಳೆ. ಭಾನುವಾರ ಮಂಗಳೂರಿನ ಒಂದು ಕುಟುಂಬ ಕರಿಯನನ್ನು ನೋಡಲು ಬರುತ್ತದೆ. ಫ್ಲ್ಯಾಟ್ ಮನೆ, 4 ವರ್ಷದ ಮಗು ಇದೆ. ಗುರ್ ಅನ್ನುವುದನ್ನು ಹೇಳಬೇಡ, ಹೇಳಿದರೆ ಯಾರೂ ಕೊಂಡುಹೋಗುವುದಿಲ್ಲ ಅನ್ನುತ್ತಾರೆ ನಮ್ಮವರು. ಕರಿಯನನ್ನು ಕಾವಲಿಗೆ ಇಟ್ಟುಕೊಂಡು, ಬೊಗಳಲೂ ಬಾರದ ಕೆಂಪಿಯನ್ನು ಕೊಡಿ ಅನ್ನುತ್ತಾರೆ ಅತ್ತೆ. ಯಾರನ್ನು ಕೊಟ್ಟರೂ ದ್ರೋಹ ಮಾಡಿದ ಹಾಗೆ ಅನಿಸುತ್ತದೆ.

ಉತ್ತರ: ಪ್ರೀತಿಯ ತಂಗಿ,

ಮೊದಲು ಭಾನುವಾರದ ವಿಷಯ. ಕರಿಯನನ್ನು ಆ ಮನೆಗೆ ಕೊಡಬೇಡಿ. ಇವತ್ತೇ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆ ವಯಸ್ಸಿನ ಮಗು ಬಿಸ್ಕತ್ತು ಹಿಡಿದುಕೊಂಡು ನಾಯಿಯ ತಟ್ಟೆಯ ಪಕ್ಕವೇ ಕೂತುಬಿಡುತ್ತದೆ. ಗುರ್ ಅಂದರೆ ಏನು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬಗ್ಗಿದಾಗ ಅದರ ಮುಖವೇ ನಾಯಿಯ ಬಾಯಿಯ ಎದುರು ಇರುತ್ತದೆ.

ಒಮ್ಮೆ ನಾನೂ ಇಂಥದ್ದೇ ವಿಷಯವನ್ನು ಮುಚ್ಚಿಟ್ಟಿದ್ದೆ. ನಮ್ಮಲ್ಲಿದ್ದ ನಾಯಿಗೆ ಹೆಲ್ಮೆಟ್ ಹಾಕಿದವರನ್ನು ಕಂಡರೆ ಭಯ, ಮೈಮೇಲೆ ಹೋಗುತ್ತಿತ್ತು. ಪ್ರೀತಿ ಸಿಕ್ಕಿದರೆ ಸರಿಯಾದೀತು ಅಂತ ಹೊಸಬರಿಗೆ ಹೇಳಲೇ ಇಲ್ಲ. ಒಂದೇ ವಾರಕ್ಕೆ ಅದು ವಾಪಸ್ ಬಂತು. ಮೊದಲಿಗಿಂತ ಜಾಸ್ತಿ ಹೆದರಿಕೊಂಡು ಬಂತು. ಆ ಮನೆಯವರು ಮತ್ತೆ ಯಾವ ನಾಯಿಯನ್ನೂ ಸಾಕಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಹಾಗಂತ ಕರಿಯ ಕೆಟ್ಟವನಲ್ಲ. ಒಂದು ಬೂತಾಯಿ ಮೀನಿನ ತಲೆಗೆ ನಾಲ್ಕು ನಾಯಿ ಮುಗಿಬೀಳುವ ಕಡೆ ಬೆಳೆದವನಿಗೆ ತಟ್ಟೆ ಕಾಯುವುದು ಬದುಕುವ ದಾರಿ. ಗುರ್ ಅನ್ನುವುದು ಅವನ ಎಚ್ಚರಿಕೆ. ಅದಕ್ಕೆ ಹೊಡೆಯಬೇಡಿ. ಹೊಡೆದರೆ ಗುರ್ ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ಆಮೇಲೆ ಹೇಳದೆ ಕೇಳದೆ ಕಚ್ಚುವ ನಾಯಿಯಾಗುತ್ತಾನೆ. ಮೂವರಿಗೂ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಊಟ ಕೊಡಿ. ಕರಿಯ ತಿನ್ನುತ್ತಿರುವಾಗ ಅವನು ಗುರ್ ಅನ್ನದಷ್ಟು ದೂರದಿಂದಲೇ ಒಂದು ಚೂರು ಬೇಯಿಸಿದ ಕೋಳಿ ಎಸೆದು ಹೊರಟುಬಿಡಿ. ದಿನಾ ಇದನ್ನೇ ಮಾಡಿ. ಜನ ಹತ್ತಿರ ಬಂದರೆ ಊಟ ಹೋಗುವುದಿಲ್ಲ, ಹೆಚ್ಚಾಗುತ್ತದೆ ಅಂತ ಅವನಿಗೆ ನಿಧಾನಕ್ಕೆ ಗೊತ್ತಾಗಬೇಕು. ತಟ್ಟೆಗೆ ಕೈ ಹಾಕಿ ಪರೀಕ್ಷೆ ಮಾತ್ರ ಬೇಡ. ಯಾರಿಗಾದರೂ ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿಗೆ ರೇಬೀಸ್ ಚುಚ್ಚುಮದ್ದು ಆಗಿದೆ ಅಂತ ಸುಮ್ಮನಿರಬಾರದು.

ಅತ್ತೆಯವರ ಮಾತಿನ ಬಗ್ಗೆ ನನಗೆ ನಿಜವಾಗಿ ಕಳವಳ ಇದೆ. ನಮ್ಮ ಕಡೆ ಕಾವಲು ಅಂದರೆ ಹಗಲಿಡೀ ಗೂಡು, ರಾತ್ರಿ ಮಾತ್ರ ಅಂಗಳ, ಅಲ್ವಾ? ಕರಿಯನಂಥವನು ಗೂಡಿನಲ್ಲಿ ಕೂತರೆ ಇವತ್ತು ತಟ್ಟೆ ಕಾಯುವವನು ನಾಳೆ ಗೂಡಿನ ಬಾಗಿಲನ್ನೂ ಕಾಯುತ್ತಾನೆ. ಜೊತೆಗೆ ರಾಜುವನ್ನು ನೋಡಿ. 11 ವರ್ಷ ಅಂದರೆ ನಾಯಿಗೆ ಮುದಿ ವಯಸ್ಸು. ತನ್ನದೇ ಜಗಲಿಯಲ್ಲಿ ಅವನು ಹೆದರಿ ತಿನ್ನಬಾರದು. ಹಾಗಾಗಿ ನಿಮ್ಮಲ್ಲಿ ಒಬ್ಬರು ಉಳಿಯುವುದಾದರೆ ಅದು ಕೆಂಪಿ. ಅವಳು ರಾಜುವಿನ ಪಕ್ಕ ಮಲಗುವುದೇ ಇಬ್ಬರ ಒಪ್ಪಿಗೆ.

ಕೆಂಪಿಯನ್ನು ಮಂಚದಡಿಯಿಂದ ಎಳೆಯಬೇಡಿ. ರಕ್ಷಿಸಿ ತಂದ ನಾಯಿಗಳ ಬಗ್ಗೆ ಒಂದು ಅಂದಾಜು ಮಾತಿದೆ: 3 ದಿನ ಗಾಬರಿ, 3 ವಾರದಲ್ಲಿ ಮನೆಯ ಕ್ರಮ ಅಭ್ಯಾಸ, 3 ತಿಂಗಳಿಗೆ ಇದು ನನ್ನ ಮನೆ ಅನ್ನುವ ಭಾವ. ಕೆಂಪಿಯಂಥವರಿಗೆ ಇನ್ನೂ ಜಾಸ್ತಿ ಬೇಕು. ಅವಳ ಕಡೆ ನೋಡದೆ ನೆಲದಲ್ಲಿ ಕೂತು ತರಕಾರಿ ಹೆಚ್ಚುತ್ತಿರಿ, ಅವಳಾಗಿಯೇ ಮೂಸಲು ಬರಲಿ. ಇನ್ನು ದೈವಗಳ ಕೋಲ, ನೇಮಗಳು ಶುರುವಾಗುತ್ತವೆ. ಗರ್ನಾಲು ಪಟಾಕಿ ಸಿಡಿಯುವ ರಾತ್ರಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ರಾಜುವನ್ನು ಅವಳ ಕೋಣೆಯಲ್ಲೇ ಮಲಗಿಸಿ. ಗೇಟು ಭದ್ರವಾಗಿರಲಿ. ಹೆದರಿ ಓಡಿದ ನಾಯಿ ದಾರಿ ನೋಡಿಕೊಂಡು ಓಡುವುದಿಲ್ಲ.

ದ್ರೋಹ ಅಂದಿರಿ. ಕರಿಯನನ್ನು ನೀವು ಮಳೆಯಿಂದ ಒಳಗೆ ಕರೆದಿರಿ, ಒಂದು ಮನೆಯಲ್ಲಿ ಇರಲು ಕಲಿಸಿದಿರಿ. ಕಳಿಸುವಾಗ ಅಳು ಬರುತ್ತದೆ, ಅತ್ತುಬಿಡಿ. ಆದರೆ ಅವನಿಗೆ ಬೇಕಾದದ್ದು ಬೇರೆ ನಾಯಿ ಇಲ್ಲದ, ಚಿಕ್ಕ ಮಕ್ಕಳಿಲ್ಲದ, ದಿನಕ್ಕೆ ಎರಡು ಸಲ ಓಡಾಡಿಸುವವರಿರುವ ಮನೆ. ಸಿಗಲು ತಿಂಗಳುಗಳೇ ಆಗಬಹುದು. ಅಷ್ಟು ದಿನ ಅವನನ್ನು ಇಟ್ಟುಕೊಳ್ಳುವುದು ರಾಜುವಿಗೆ ಕಷ್ಟ ಅನಿಸಿದರೆ ಗೆಳತಿಗೆ ಈಗಲೇ ಹೇಳಿ, ಅವಳು ಬೇರೆ ಜಾಗ ಹುಡುಕಲಿ. ಕಳಿಸುವ ದಿನ ಚುಚ್ಚುಮದ್ದಿನ ಕಾರ್ಡಿನ ಜೊತೆ ನಿಮ್ಮ ಕೈಬರಹದ ಒಂದು ಹಾಳೆ ಇರಲಿ: ಏನು ತಿನ್ನುತ್ತಾನೆ, ಯಾವಾಗ ಗುರ್ ಅನ್ನುತ್ತಾನೆ, ಕಿವಿಯ ಹಿಂದೆ ತುರಿಸಿದರೆ ಹೇಗೆ ಕರಗುತ್ತಾನೆ, ಎಲ್ಲವೂ.

ಮಂಗಳೂರಿನವರಿಗೆ ಸುಮ್ನೆ ಬೇಡ ಅಂತ ಹೇಳಿ ಫೋನ್ ಇಡಬೇಡಿ. ಮಕ್ಕಳ ಜೊತೆ ಬೆಳೆದ, ಗದ್ದಲಕ್ಕೆ ಒಗ್ಗಿದ ದೊಡ್ಡ ನಾಯಿ ಯಾವುದಾದರೂ ಇದೆಯಾ ಅಂತ ಗೆಳತಿಯನ್ನು ಕೇಳಿ, ಅವರಿಗೆ ತಿಳಿಸಿ.