ಗೆಲುವು ಸಮ ಇದ್ದರೂ ಆ ತಂಡ ಹೊರಬಿದ್ದದ್ದೇಕೆ?

ಧಾರವಾಡದಿಂದ ಕೇಳಿದ್ದೀರಿ: ಜೂನಿಯರ್ ಕರ್ಲಿಂಗ್ (ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಗುರಿವೃತ್ತದೊಳಗೆ ನಿಲ್ಲಿಸುವ ಆಟ) ಅರ್ಹತಾ ಸುತ್ತಿನಲ್ಲಿ ಮೂರು ತಂಡಗಳ ಗೆಲುವು ಸಮ ಇದ್ದಾಗ ಒಂದನ್ನು ಹೇಗೆ ಕೈಬಿಟ್ಟರು ಅಂತ. ಮೊದಲು ಆ ತಂಡಗಳ ನಡುವಿನ ಪಂದ್ಯಗಳನ್ನಷ್ಟೇ ನೋಡುತ್ತಾರೆ. ಒಬ್ಬರನ್ನೊಬ್ಬರು ಸೋಲಿಸಿಕೊಂಡು ಅದೂ ಸಮ ಆದರೆ ಡ್ರಾ ಶಾಟ್ ಚಾಲೆಂಜ್ ನೋಡುತ್ತಾರೆ, ಅಂದರೆ ಕಲ್ಲು ಗುರಿಗೆ ಎಷ್ಟು ಹತ್ತಿರ ನಿಂತಿತು ಅನ್ನೋದರ ಸರಾಸರಿ.

ಪ್ರತಿ ಪಂದ್ಯಕ್ಕೂ ಮುಂಚೆ ತಂಡದ ಇಬ್ಬರು ಒಂದೊಂದು ಕಲ್ಲು ಬಿಡಬೇಕು, ಒಂದು ಬಲಕ್ಕೆ ತಿರುಗಿಸಿ, ಇನ್ನೊಂದು ಎಡಕ್ಕೆ. ಗುರಿವೃತ್ತದ ನಡುಬಿಂದುವಿನಿಂದ ಕಲ್ಲು ನಿಂತ ದೂರ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಸರಾಸರಿ ಕಡಿಮೆ ಇದ್ದವರು ಮೇಲೆ. ಕಲ್ಲು ವೃತ್ತದೊಳಗೆ ನಿಲ್ಲದಿದ್ದರೆ ನೇರ 199.6 ಸೆಂ.ಮೀ. ಬರೆಯುತ್ತಾರೆ, ಹುಡುಗರು ಮುಗ್ಗರಿಸೋದು ಇಲ್ಲೇ. ಬೆಳಿಗ್ಗೆ ಹೊಸದಾಗಿ ನೀರು ಹನಿಸಿದ ಮಂಜುಗಡ್ಡೆಯ ಮೇಲೆ ಕಲ್ಲು ಇನ್ನೂ ನಿಧಾನ ಜಾರುತ್ತದೆ, ಮುಂಚೆಯೇ ನಿಂತುಬಿಡುತ್ತದೆ.

ಅಂಗಳದಲ್ಲಿ ಗುರಿವೃತ್ತದ ತ್ರಿಜ್ಯದಷ್ಟು, 1.83 ಮೀಟರ್ ದಾರ ಕಟ್ಟಿ ರಂಗೋಲಿ ಪುಡಿಯಿಂದ ವೃತ್ತ ಎಳೆದು ನೋಡಿ, ಗುರಿ ಎಷ್ಟು ಸಣ್ಣದು ತಿಳಿಯುತ್ತದೆ.