ಮಾರ್ಗರೆಟ್ ರುದರ್‌ಫೋರ್ಡ್ ಬರೀ ಮಿಸ್ ಮಾರ್ಪಲ್ ಅಲ್ಲ

ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಆಗಿ ನಟಿಸಿದ ಸಿನಿಮಾಗಳಿಗೆ ಮುಂಚೆ ಬ್ರಿಟಿಷ್ ನಟಿ ಮಾರ್ಗರೆಟ್ ರುದರ್‌ಫೋರ್ಡ್ ಏನು ಮಾಡುತ್ತಿದ್ದರು ಅಂತ ಕೇಳಿದ್ದೀರಿ. ಹೆಚ್ಚಾಗಿ ನಾಟಕ, ಜೊತೆಗೆ ಸಿನಿಮಾ. ಪಿಯಾನೊ ಪಾಠ ಹೇಳುತ್ತಿದ್ದವರು 1925ರಲ್ಲಿ, 33ನೇ ವಯಸ್ಸಿಗೆ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರ ಸೇರಿದರು. ನಾಯಕಿಯ ಪಾತ್ರಕ್ಕೆ ಕಾಯದೆ ವಿಚಿತ್ರ ಸ್ವಭಾವದ ಹೆಂಗಸರನ್ನೇ ತಮ್ಮದಾಗಿಸಿಕೊಂಡರು.

ನೀವು ಮೊದಲು ನೋಡಬೇಕಾದ್ದು 1945ರ 'ಬ್ಲೈತ್ ಸ್ಪಿರಿಟ್' ಸಿನಿಮಾ. 1941ರಲ್ಲಿ ರಂಗದ ಮೇಲೆ ಆಡಿದ್ದ ಮೇಡಂ ಅರ್ಕಾಟಿ ಪಾತ್ರವನ್ನೇ ತೆರೆಗೂ ತಂದರು. ಸೈಕಲ್ ತುಳಿದು ಬರುವ ಸತ್ತವರ ಆತ್ಮಗಳನ್ನು ಕರೆದು ಮಾತಾಡಿಸುವ ಆ ಹೆಂಗಸು ತಮಾಷೆ ಮಾಡುವುದೇ ಇಲ್ಲ. ತನ್ನ ಕೆಲಸವನ್ನು ಪೂರ್ತಿ ನಂಬಿ ಮಾಡುತ್ತಾಳೆ. ನಗು ಉಕ್ಕುವುದು ಅದಕ್ಕೇ. ನನಗಂತೂ ಮಾರ್ಪಲ್‌ಗಿಂತ ಇದೇ ದೊಡ್ಡ ಪಾತ್ರ.

ಮಾರ್ಪಲ್ ಬಂದದ್ದು 1961ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ. ಆ ಸಿನಿಮಾಗಳಲ್ಲಿ ಮಾರ್ಪಲ್ ಜೊತೆಗಿರುವ ಸ್ಟ್ರಿಂಗರ್ ಪಾತ್ರ ಮಾಡಿದವರು ರುದರ್‌ಫೋರ್ಡ್ ಅವರ ನಿಜಜೀವನದ ಪತಿಯೇ! ಆಸ್ಕರ್ ಸಿಕ್ಕಿದ್ದು ಮಾತ್ರ 1963ರ 'ದಿ ವಿ.ಐ.ಪಿ.ಸ್' ಚಿತ್ರದ ಪೋಷಕ ಪಾತ್ರಕ್ಕೆ.